ಕೈಯೆತ್ತಿ ಒಪ್ಪಿದ ನಿಯಮಗಳು

ಒಳ್ಳೆಯ ಕೆಲಸಕ್ಕೆ ಹೊರಟವರಿಗೆ ನಿಯಮಗಳೇಕೆ ಎಂದು ಕೇಳುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಮನಸ್ಸು ಶುದ್ಧವಾಗಿದ್ದರೆ ಸಾಕು, ಕೈಯಲ್ಲಿ ನಾಲ್ಕು ಹಣ್ಣು, ಬಾಯಲ್ಲಿ ದೇವರ ನಾಮ ಇದ್ದರೆ ಎಲ್ಲಿಗೆ ಬೇಕಾದರೂ ಹೋಗಬಹುದು ಎಂಬುದು ಅವರ ನಂಬಿಕೆ. ದೇವಸ್ಥಾನಕ್ಕೆ, ಜಾತ್ರೆಗೆ ಈ ಮಾತು ಸರಿಯಾದೀತು. ಆದರೆ ಸೆರೆಮನೆಗೆ? ಅಲ್ಲಿರುವವರು ನಮ್ಮನ್ನು ಕರೆದವರಲ್ಲ. ನಮ್ಮ ಮಾತು ಬೇಸರವಾದರೆ ಎದ್ದು ಹೋಗುವ ಸ್ವಾತಂತ್ರ್ಯವೂ ಅವರಿಗಿಲ್ಲ. ಎದ್ದು ಹೋಗಲಾಗದವರ ಮುಂದೆ ಕುಳಿತು ಧರ್ಮ ಹೇಳುವುದು ಸುಲಭದ ಕೆಲಸವಲ್ಲ. ಮೂವತ್ತು ವರ್ಷ ತರಗತಿಯಲ್ಲಿ ನಿಂತ ನನಗೆ ಈ ಮಾತು ಚೆನ್ನಾಗಿ ಗೊತ್ತು. ಗಂಟೆ ಹೊಡೆಯುವ ತನಕ ಎದ್ದು ಹೋಗಲಾಗದ ನಲವತ್ತು ಮಕ್ಕಳ ಮುಂದೆಯೇ ಅಲ್ಲವೇ ನಾವು ಮೇಷ್ಟರುಗಳು ನಮ್ಮ ಜಾಣತನವನ್ನೆಲ್ಲ ತೋರಿಸುವುದು!

ಸೆರೆಮನೆಗೆ ಧರ್ಮದ ಹೆಸರಿನಲ್ಲಿ ಹೋಗುವವರು ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಮೊದಲ ಬಾರಿಗೆ ಕ್ರಮವಾಗಿ ಯೋಚಿಸಿದವರಲ್ಲಿ ಒಬ್ಬಳು ಹೆಂಗಸು, ಅದರಲ್ಲೂ ಮನೆ ತುಂಬ ಮಕ್ಕಳಿದ್ದ ಗೃಹಿಣಿ. ಇಂಗ್ಲೆಂಡಿನ ಎಲಿಜಬೆತ್ ಫ್ರೈ. ನಮ್ಮ ಪಠ್ಯಪುಸ್ತಕಗಳಲ್ಲಿ ಕೈಗಾರಿಕಾ ಕ್ರಾಂತಿಯ ಪಾಠದಲ್ಲಿ ಉಗಿಯಂತ್ರ, ನೂಲುವ ಯಂತ್ರಗಳ ಹೆಸರು ಬರುತ್ತವೆ. ಅದೇ ಕಾಲದ ಈಕೆಯ ಹೆಸರು ಬರುವುದು ಅಪರೂಪ. ಹಾಗಾಗಿ ಅವಳ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಎಲಿಜಬೆತ್ ಹುಟ್ಟಿದ್ದು 1780ರಲ್ಲಿ, ನಾರ್ವಿಚ್ ಎಂಬ ಊರಿನ ಗರ್ನಿ ಎಂಬ ಶ್ರೀಮಂತ ಮನೆತನದಲ್ಲಿ. ಅವರು ಕ್ವೇಕರ್ ಪಂಥದವರು. ಪುರೋಹಿತರಿಲ್ಲದ, ಆಡಂಬರವಿಲ್ಲದ, ಮೌನವಾಗಿ ಕುಳಿತು ಪ್ರಾರ್ಥಿಸುವ ಪಂಥ ಅದು. ಹೆಂಗಸರೂ ಸಭೆಯಲ್ಲಿ ಎದ್ದು ಮಾತನಾಡಬಹುದೆಂದು ಒಪ್ಪಿದ್ದು ಅದರ ದೊಡ್ಡ ಗುಣ. ಹನ್ನೆರಡನೆಯ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡ ಹುಡುಗಿ, ಇಪ್ಪತ್ತಕ್ಕೆ, ಅಂದರೆ 1800ರಲ್ಲಿ, ಜೋಸೆಫ್ ಫ್ರೈ ಎಂಬುವರನ್ನು ಮದುವೆಯಾಗಿ ಲಂಡನ್ನಿಗೆ ಬಂದಳು. ಹನ್ನೊಂದು ಮಕ್ಕಳನ್ನು ಹೆತ್ತಳು. ಅವರಲ್ಲಿ ಒಂದು ಹೆಣ್ಣುಮಗು 1815ರಲ್ಲಿ ತೀರಿಕೊಂಡಿತು. ತೊಟ್ಟಿಲು, ಬಾಣಂತನ, ನೆಂಟರು ಇಷ್ಟೆಲ್ಲದರ ನಡುವೆ ಈಕೆ ಸೆರೆಮನೆಯ ಮೆಟ್ಟಿಲು ಹತ್ತಿದಳು ಎಂಬುದನ್ನು ನೆನಪಿಟ್ಟುಕೊಂಡರೆ ಮುಂದಿನ ಕಥೆಯ ತೂಕ ಗೊತ್ತಾಗುತ್ತದೆ.

1813ರಲ್ಲಿ ಸ್ಟೀಫನ್ ಗ್ರೆಲೆಟ್ ಎಂಬ ಕ್ವೇಕರ್ ಪ್ರಚಾರಕ ಲಂಡನ್ನಿನ ನ್ಯೂಗೇಟ್ ಸೆರೆಮನೆಯ ಹೆಂಗಸರ ವಿಭಾಗವನ್ನು ನೋಡಿ ಬಂದು, ಕಂಡದ್ದನ್ನು ಎಲಿಜಬೆತ್‌ಗೆ ಹೇಳಿದ. ಬರಿ ನೆಲದ ಮೇಲೆ ಹೆಂಗಸರು, ಮೈಮೇಲೆ ಬಟ್ಟೆಯಿಲ್ಲದ ಕೂಸುಗಳು. ಆಕೆ ಉಪನ್ಯಾಸ ಕೊಡಲು ಹೋಗಲಿಲ್ಲ. ನೆರೆಹೊರೆಯ ಹೆಂಗಸರನ್ನು ಕೂಡಿಸಿ ಫ್ಲಾನೆಲ್ ಬಟ್ಟೆಯಲ್ಲಿ ಕೂಸುಗಳಿಗೆ ಅಂಗಿ ಹೊಲಿಸಿ, ಗೆಳತಿಯೊಬ್ಬಳನ್ನು ಜೊತೆಮಾಡಿಕೊಂಡು ಹೋಗಿ ಹಂಚಿದಳು. ಸೆರೆಮನೆಯ ಸೇವೆ ಬಟ್ಟೆಯಿಂದ ಮೊದಲಾಯಿತು, ಬೋಧನೆಯಿಂದಲ್ಲ. ಇದು ನನಗೆ ಬಹಳ ಮೆಚ್ಚಿಕೆಯಾದ ಸಂಗತಿ.

ಅಲ್ಲಿ ಆಗ ಮಕ್ಕಳೂ ಸೇರಿ ಸುಮಾರು ಮುನ್ನೂರು ಜನ ಕೆಲವೇ ಕೋಣೆಗಳಲ್ಲಿ ತುಂಬಿಕೊಂಡಿದ್ದರು. ವಿಚಾರಣೆಗೆ ಕಾದಿರುವವರು, ಶಿಕ್ಷೆಯಾದವರು, ಗಲ್ಲಿಗೆ ಹೋಗಲಿರುವವರು ಎಲ್ಲ ಒಟ್ಟಿಗೆ. ಅಡುಗೆ, ಸ್ನಾನ, ನಿದ್ದೆ ಎಲ್ಲ ಅಲ್ಲೇ. ಇಂಗ್ಲೆಂಡಿನಲ್ಲಿ ಆಗ ಇನ್ನೂರಕ್ಕೂ ಹೆಚ್ಚು ಅಪರಾಧಗಳಿಗೆ ಮರಣದಂಡನೆ ವಿಧಿಸಬಹುದಾಗಿತ್ತು. ಖೋಟಾ ನೋಟು ಚಲಾಯಿಸಿದವಳೂ ಗಲ್ಲಿಗೇರಬಹುದಿತ್ತು. ಒಳಗಿನವರು ಉದ್ದನೆಯ ಕೋಲಿಗೆ ಮರದ ಸೌಟು ಕಟ್ಟಿ, ನೋಡಲು ಬಂದವರ ಮುಂದೆ ಸರಳುಗಳ ನಡುವಿನಿಂದ ಚಾಚಿ ಕಾಸು ಬೇಡುತ್ತಿದ್ದರು. ಬಿದ್ದ ಕಾಸಿಗಾಗಿ ಜಡೆಜಡೆ ಹಿಡಿದು ಜಗಳ. ಗೆದ್ದವಳಿಗೆ ಸೆರೆಮನೆಯೊಳಗೇ ಮಾರುವ ಮದ್ಯ. ಹೊರಗಿನವರಿಗೆ ಅದೊಂದು ತಮಾಷೆ. ದಾನ ಮಾಡಿದೆವೆಂದು ಮನೆಗೆ ಹೋಗಿ ನೆಮ್ಮದಿಯಾಗಿ ಮಲಗಿದವರು ಎಷ್ಟು ಜನವೋ!

ಮನೆಯ ತಾಪತ್ರಯಗಳಿಂದಾಗಿ ಎಲಿಜಬೆತ್ ಮತ್ತೆ ಅಲ್ಲಿಗೆ ನಿಯಮಿತವಾಗಿ ಹೋಗಲು ಮೂರು ನಾಲ್ಕು ವರ್ಷ ಹಿಡಿಯಿತು. ಗಡಿಯಾರವನ್ನು ಹೊರಗೇ ಬಿಟ್ಟುಹೋಗಿ ಎಂದು ಸೆರೆಮನೆಯ ಅಧಿಕಾರಿ ಬುದ್ಧಿ ಹೇಳಿದನಂತೆ. ಆಕೆ ಗಡಿಯಾರ ಬಿಚ್ಚಲಿಲ್ಲ. ಒಳಗೆ ಹೋದವಳು ಕೈದಿಗಳನ್ನು ಅವರ ತಪ್ಪುಗಳ ಬಗ್ಗೆ ಕೇಳಲಿಲ್ಲ. ಮಕ್ಕಳ ಬಗ್ಗೆ ಕೇಳಿದಳು. ನಿಮ್ಮ ಮಕ್ಕಳಿಗೆ ಒಂದು ಶಾಲೆ ಮಾಡೋಣವೇ ಎಂದಳು. ಯಾವ ತಾಯಿ ತಾನೆ ಬೇಡವೆಂದಾಳು? ಸೆರೆಮನೆಯ ಒಂದು ಖಾಲಿ ಕೋಣೆಯಲ್ಲಿ ಶಾಲೆ ಶುರುವಾಯಿತು. ಮೇಡಂ ಯಾರೆಂದು ಕೇಳುತ್ತೀರಾ? ಕೈದಿಗಳೇ ತಮ್ಮೊಳಗಿನಿಂದ ಆರಿಸಿದ ಮೇರಿ ಕಾನರ್ ಎಂಬ ಯುವತಿ. ಗಡಿಯಾರ ಕದ್ದ ಆರೋಪದ ಮೇಲೆ ಒಳಗೆ ಬಂದವಳು. ಅವಳು ಶ್ರದ್ಧೆಯಿಂದ ಪಾಠ ಮಾಡಿದಳು. ಮುಂದೆ ಅವಳಿಗೆ ಕ್ಷಮಾದಾನ ದೊರೆಯಿತು, ಆದರೆ ಕ್ಷಯರೋಗ ಅವಳನ್ನು ಹೆಚ್ಚು ಕಾಲ ಬದುಕಲು ಬಿಡಲಿಲ್ಲ. ನನ್ನ ವೃತ್ತಿಯ ಪೂರ್ವಿಕರ ಪಟ್ಟಿ ಮಾಡುವುದಾದರೆ ದೊಡ್ಡ ದೊಡ್ಡ ಶಿಕ್ಷಣ ತಜ್ಞರ ಜೊತೆಗೆ ಈ ಮೇರಿಯ ಹೆಸರನ್ನೂ ನಾನು ಸೇರಿಸುತ್ತೇನೆ.

ಶಾಲೆಯ ಬಾಗಿಲಲ್ಲಿ ದೊಡ್ಡ ಹುಡುಗಿಯರು, ಹೆಂಗಸರು ಬಂದು ನಮಗೂ ಕಲಿಸಿ ಎಂದು ಗೋಗರೆಯತೊಡಗಿದರು. ಜಾಗವಿರಲಿಲ್ಲ. ಇಲ್ಲಿಂದ ಮುಂದಿನ ಹೆಜ್ಜೆ ಹುಟ್ಟಿತು. 1817ರ ಏಪ್ರಿಲಿನಲ್ಲಿ ಒಬ್ಬ ಪಾದ್ರಿಯ ಹೆಂಡತಿಯೂ ಹನ್ನೊಂದು ಮಂದಿ ಕ್ವೇಕರ್ ಹೆಂಗಸರೂ ಸೇರಿ ನ್ಯೂಗೇಟಿನ ಹೆಣ್ಣು ಕೈದಿಗಳ ಸುಧಾರಣೆಗಾಗಿ ಒಂದು ಸಂಘ ಮಾಡಿಕೊಂಡರು. ಹೆಂಗಸರಿಗೆ ಹೊಲಿಗೆ, ಹೆಣಿಗೆ ಕೊಡಿಸುವುದು ಅವರ ಯೋಜನೆ. ಊರಿನ ಅಧಿಕಾರಿಗಳು ನಕ್ಕರು: ಬಟ್ಟೆ ಕೊಟ್ಟರೆ ಕದಿಯುತ್ತಾರೆ, ಸೂಜಿ ಕೊಟ್ಟರೆ ಜಗಳಕ್ಕೆ ಬಳಸುತ್ತಾರೆ. ಕೊನೆಗೆ, ಕೈದಿಗಳೇ ಒಪ್ಪುವುದಾದರೆ ನೋಡೋಣ ಎಂಬ ಮಟ್ಟಕ್ಕೆ ಬಂದರು.

ಎಲಿಜಬೆತ್ ಆಗ ಮಾಡಿದ ಕೆಲಸ ಆ ಕಾಲಕ್ಕೆ ಹೊಸದು. ಹೆಂಗಸರನ್ನು ಕೂಡಿಸಿ, ನಿಯಮಗಳನ್ನು ಒಂದೊಂದಾಗಿ ಓದಿ ಹೇಳಿ, ಒಪ್ಪುವವರು ಕೈಯೆತ್ತಿ ಎಂದು ಕೇಳಿದಳು. ಒಂದೊಂದು ನಿಯಮಕ್ಕೂ ಕೈಗಳು ಮೇಲೆದ್ದವು. ಇಂಗ್ಲೆಂಡಿನ ಯಾವ ಹೆಂಗಸಿಗೂ, ರಾಣಿಯ ಸಖಿಯರಿಗೂ ಸಹ, ಪಾರ್ಲಿಮೆಂಟಿಗೆ ಮತ ಹಾಕುವ ಹಕ್ಕಿಲ್ಲದಿದ್ದ ಕಾಲ ಅದು. ಅಂಥ ದಿನಗಳಲ್ಲಿ ಸೆರೆಮನೆಯ ಹೆಂಗಸರು ತಮ್ಮ ಮೇಲೆ ಜಾರಿಯಾಗುವ ಕಟ್ಟಳೆಗೆ ಕೈಯೆತ್ತಿ ಮತ ಕೊಟ್ಟರು.

ಆ ನಿಯಮಗಳು ಏನಿದ್ದವು? ಹೆಂಗಸರನ್ನು ನೋಡಿಕೊಳ್ಳಲು ಒಬ್ಬ ಮೇಲ್ವಿಚಾರಕಿ ಇರಬೇಕು. ಎಲ್ಲರೂ ಹೊಲಿಗೆ ಹೆಣಿಗೆಯಂಥ ಕೆಲಸ ಮಾಡಬೇಕು. ಭಿಕ್ಷೆ, ಬೈಗುಳ, ಜೂಜು, ಇಸ್ಪೀಟು, ಜಗಳ ಕೂಡದು. ಹನ್ನೆರಡು ಜನಕ್ಕೆ ಮೀರದಂತೆ ಗುಂಪು ಮಾಡಿ, ಒಂದೊಂದು ಗುಂಪಿಗೆ ಓದು ಬಲ್ಲ ಒಬ್ಬಳು ನಾಯಕಿಯಾಗಬೇಕು. ಕೆಲಸಕ್ಕೆ ಕೂಡುವಾಗ ಕೈ, ಮುಖ ಶುಚಿಯಾಗಿರಬೇಕು. ಬೆಳಿಗ್ಗೆ ಒಂಬತ್ತಕ್ಕೆ ಗಂಟೆ ಬಾರಿಸಿದಾಗ ಸೇರಿ ಬೈಬಲಿನ ಒಂದು ಭಾಗ ಕೇಳಬೇಕು, ಸಂಜೆ ಮತ್ತೊಮ್ಮೆ. ಯಾರು ಎಷ್ಟು ಕೆಲಸ ಮಾಡಿದರು, ಹೇಗೆ ನಡೆದುಕೊಂಡರು ಎಂಬ ಲೆಕ್ಕವನ್ನು ಮೇಲ್ವಿಚಾರಕಿ ಬರೆದಿಡಬೇಕು. ಕಾದಂಬರಿ, ನಾಟಕಗಳನ್ನು ಒಳಗೆ ತರಕೂಡದು ಎಂಬ ನಿಯಮವೂ ಇತ್ತು. ಕಾದಂಬರಿಯ ಹುಚ್ಚಿರುವ ನನ್ನ ಗೆಳತಿಯರು ಇದನ್ನು ಕೇಳಿದರೆ ಆ ಒಂದು ನಿಯಮಕ್ಕೆ ಮಾತ್ರ ಕೈ ಕೆಳಗಿಟ್ಟೇ ಕೂಡುತ್ತಾರೆ!

ಇಲ್ಲಿ ಒಂದು ಪ್ರಶ್ನೆ ಎತ್ತಲೇಬೇಕು. ಬೀಗದ ಒಳಗಿರುವವರು ಎತ್ತಿದ ಕೈ ನಿಜವಾದ ಒಪ್ಪಿಗೆಯೇ? ಕೆಲಸ, ಬಟ್ಟೆ, ಮಕ್ಕಳ ಶಾಲೆ ಎಲ್ಲ ಈ ಹೆಂಗಸರ ಕೈಯಲ್ಲಿರುವಾಗ ಬೇಡವೆನ್ನುವ ಧೈರ್ಯ ಯಾರಿಗಿದ್ದೀತು? ಪೂರ್ತಿ ಸ್ವತಂತ್ರವಾದ ಒಪ್ಪಿಗೆ ಅದಲ್ಲ, ನಿಜ. ಆದರೆ ಕೇಳದೆ ಹೇರುವುದಕ್ಕೂ ಕೇಳಿ ಒಪ್ಪಿಸುವುದಕ್ಕೂ ಅಂತರವಿದೆ. ತರಗತಿಯ ಗೋಡೆಗೆ ಮೇಡಂ ಅಂಟಿಸಿದ ನಿಯಮಗಳ ಹಾಳೆ ದಸರಾ ರಜೆಯ ಹೊತ್ತಿಗೆ ಹರಿದು ನೇತಾಡುತ್ತದೆ. ಮಕ್ಕಳೇ ಕೂಡಿ ಹೇಳಿ ಬರೆಸಿದ ಹಾಳೆಯನ್ನು ಅವರೇ ಕಾಯುತ್ತಾರೆ; ಮುರಿದವನನ್ನು ಅವರೇ ತಡೆಯುತ್ತಾರೆ. ಇದನ್ನು ನಾನು ಎಷ್ಟೋ ವರ್ಷ ಕಣ್ಣಾರೆ ಕಂಡಿದ್ದೇನೆ. ಕೇಳಿಸಿಕೊಂಡವರಿಗೆ ತಾವು ಮನುಷ್ಯರೆಂಬ ಅರಿವು ಮರಳಿ ಬರುತ್ತದೆ. ನ್ಯೂಗೇಟಿನಲ್ಲಿ ಆದದ್ದೂ ಅದೇ. ಹತ್ತು ತಿಂಗಳಲ್ಲಿ ಆ ಹೆಂಗಸರು ಸುಮಾರು ಇಪ್ಪತ್ತು ಸಾವಿರ ಉಡುಪುಗಳನ್ನು ಹೊಲಿದು ಕೊಟ್ಟರೆಂದು ಎಲಿಜಬೆತ್ 1818ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷ್ಯ ನುಡಿದಳು. ಹೆಂಗಸೊಬ್ಬಳು ಅಂಥ ಸಮಿತಿಯ ಮುಂದೆ ಕುಳಿತು ಮಾತನಾಡುವುದೇ ಆಗ ದೊಡ್ಡ ಸುದ್ದಿ.

ಆದರೆ ಅದೇ ವರ್ಷ ಆಕೆ ತನ್ನ ಕೆಲಸದ ಎಲ್ಲೆಯನ್ನೂ ಕಂಡಳು. ಹ್ಯಾರಿಯೆಟ್ ಸ್ಕೆಲ್ಟನ್ ಎಂಬ ಹೆಂಗಸಿಗೆ ಖೋಟಾ ನೋಟು ಚಲಾಯಿಸಿದ್ದಕ್ಕೆ ಮರಣದಂಡನೆಯಾಗಿತ್ತು. ಎಲಿಜಬೆತ್ ಅವಳ ಪ್ರಾಣಕ್ಕಾಗಿ ಗೃಹಮಂತ್ರಿ ಲಾರ್ಡ್ ಸಿಡ್ಮತ್‌ನವರೆಗೂ ಮೊರೆಯಿಟ್ಟಳು. ಮಂತ್ರಿಗೆ ಕೋಪ ಬಂತು, ಬಾಗಿಲು ಮುಚ್ಚಿತು, ಹ್ಯಾರಿಯೆಟ್ ಗಲ್ಲಿಗೇರಿದಳು. ಬೈಬಲ್ ಓದಲು ಬಂದವಳು ಕಾನೂನಿನ ವಿಚಾರಕ್ಕೆ ಕೈ ಹಾಕಬಹುದೇ? ಓದಿ ಸಮಾಧಾನ ಹೇಳಿ, ನೇಣಿನ ಹಗ್ಗದ ಬಗ್ಗೆ ಮೌನವಾಗಿದ್ದರೆ ಅದು ಎಂಥ ಧರ್ಮ? ಎರಡು ಪ್ರಶ್ನೆಗಳೂ ಸತ್ಯವೇ. ಹೆಚ್ಚು ಮಾತನಾಡಿದರೆ ಬಾಗಿಲು ಮುಚ್ಚಿ ಉಳಿದ ಮುನ್ನೂರು ಜನರ ಕೆಲಸ ಕೆಡುತ್ತದೆ. ಮಾತನಾಡದಿದ್ದರೆ ಒಬ್ಬಳ ಪ್ರಾಣ ಹೋಗುತ್ತದೆ. ಸೆರೆಮನೆಗೆ ಹೋಗುವವರ ಪಾಲಿಗೆ ಈ ಸಂಕಟ ಇಂದಿಗೂ ತಪ್ಪಿದ್ದಲ್ಲ.

1821ರಲ್ಲಿ ಇಂಥ ಹೆಂಗಸರ ಸಂಘಗಳೆಲ್ಲ ಸೇರಿ ಇಡೀ ಬ್ರಿಟನ್ನಿಗೆ ಒಂದು ಸಂಘವಾಯಿತು. 1823ರ ಸೆರೆಮನೆ ಕಾನೂನು ಹೆಣ್ಣು ಕೈದಿಗಳನ್ನು ಹೆಂಗಸರೇ ನೋಡಿಕೊಳ್ಳಬೇಕೆಂದು ವಿಧಿಸಿತು. 1827ರಲ್ಲಿ ಎಲಿಜಬೆತ್ ಹೆಣ್ಣು ಕೈದಿಗಳ ಭೇಟಿ, ಮೇಲ್ವಿಚಾರಣೆಗಳನ್ನು ಕುರಿತು ಒಂದು ಚಿಕ್ಕ ಪುಸ್ತಕ ಬರೆದಳು. ಅದು ಮುಖ್ಯವಾಗಿ ಭೇಟಿ ಕೊಡುವವರಿಗೆ ಬರೆದದ್ದು, ಕೈದಿಗಳಿಗಲ್ಲ. ಹತ್ತು ವರ್ಷಗಳ ಹಿಂದೆ ಕೈದಿಗಳಿಗೆ ನಿಯಮ ಓದಿದವಳು ಈಗ ತನ್ನಂಥ ಮಾನವಂತ ಹೆಂಗಸರ ಕಡೆಗೆ ತಿರುಗಿ ನಿಮಗೂ ನಿಯಮ ಬೇಕು ಎಂದಳು. ತೀರ್ಪು ಹೇಳುವ ಮನಸ್ಸಿನಿಂದ ಹೋಗಬೇಡಿ, ಕರುಣೆಯಿಂದ ಹೋಗಿ. ಅವರಿಗಿಂತ ನಾವು ಪವಿತ್ರರೆಂಬ ಭಾವ ಮನಸ್ಸಿನ ಮೂಲೆಯಲ್ಲಿಯೂ ಸುಳಿಯಬಾರದು. ತಪ್ಪು ಮಾಡದವರು ಯಾರೂ ಇಲ್ಲ. ಅವರು ಮಾಡಿದ ಅಪರಾಧವನ್ನು ಕೆದಕಿ ಮಾತನಾಡುವುದರಿಂದ ಪ್ರಯೋಜನ ಕಡಿಮೆ. ಸೆರೆಮನೆಯ ಅಧಿಕಾರಿಗಳ ಕೆಲಸದಲ್ಲಿ ಅಡ್ಡ ಬರಬೇಡಿ. ಮೃದುವಾಗಿರಿ, ಆದರೆ ಮೋಸಹೋಗದ ಎಚ್ಚರವೂ ಇರಲಿ. ಪುಸ್ತಕದ ಸಾರ ಇದು. ಉಪ್ಪು ತಿಂದವ ನೀರು ಕುಡಿಯಲೇಬೇಕು ಎಂದು ನಾವು ಹೇಳುತ್ತೇವಲ್ಲ. ನೀರು ಕುಡಿಯುತ್ತಿರುವವನ ಎದುರು ಕುಳಿತು ಉಪ್ಪಿನ ಲೆಕ್ಕ ಕೇಳಬೇಡಿ ಎಂದು ಈಕೆ ಹೇಳಿದಂತಾಯಿತು.

ಆಕೆಯ ಕೆಲಸದಲ್ಲಿ ಕುಂದುಗಳಿರಲಿಲ್ಲವೆಂದಲ್ಲ. ಎಲಿಜಬೆತ್ ಓದುವುದನ್ನು ಕೇಳಲು ವಾರಕ್ಕೊಮ್ಮೆ ದೊಡ್ಡ ಮನೆತನದವರು, ವಿದೇಶದ ಅತಿಥಿಗಳು ನ್ಯೂಗೇಟಿಗೆ ಬರತೊಡಗಿದರು. ಓದು ಒಂದು ಪ್ರದರ್ಶನವಾಯಿತು. ಕೈದಿಗಳು ಅದರ ಚಿತ್ರಪಟವಾದರು. 1830ರ ದಶಕದಲ್ಲಿ ಸರ್ಕಾರ ನೇಮಿಸಿದ ಸೆರೆಮನೆ ತನಿಖಾಧಿಕಾರಿಗಳು ಈ ಜನಜಂಗುಳಿಯನ್ನು ಖಂಡಿಸಿ ಬರೆದರು. ಅವರ ಮಾತಿನಲ್ಲಿ ಹುರುಳಿತ್ತು. ಹಬ್ಬದ ದಿನ ಆಸ್ಪತ್ರೆಯ ರೋಗಿಗಳಿಗೆ ಹಣ್ಣು ಹಂಚಲು ಹೋದ ಒಂದು ಸಂಘದವರ ಜೊತೆ ನಾನೊಮ್ಮೆ ಹೋಗಿದ್ದೆ. ಒಂದು ಸೇಬನ್ನು ಆರು ಕೈಗಳು ಹಿಡಿದುಕೊಂಡು ಫೋಟೋದವನ ಕಡೆ ನೋಡುತ್ತಿದ್ದರೆ, ಮಂಚದ ಮೇಲಿನ ಮುದುಕಿ ಮುಸುಕನ್ನು ಮುಖದ ಮೇಲೆ ಎಳೆದುಕೊಂಡಳು. ಕೊಡುವವರು ನೋಡುವವರಾದ ಕೂಡಲೇ ಪಡೆಯುವವರು ನೋಟದ ವಸ್ತುವಾಗಿಬಿಡುತ್ತಾರೆ.

ಆರ್ಭಟವಿಲ್ಲದೆ ಇದೇ ಕೆಲಸ ಮಾಡಿದವಳು ಯಾರ್ಮತ್ ಊರಿನ ಸಾರಾ ಮಾರ್ಟಿನ್. ಹುಟ್ಟಿದ್ದು 1791ರಲ್ಲಿ, ಹೊಟ್ಟೆಪಾಡಿಗೆ ಮನೆಮನೆಗೆ ಹೋಗಿ ಬಟ್ಟೆ ಹೊಲಿಯುತ್ತಿದ್ದ ಬಡವಿ. ವಾರದಲ್ಲಿ ಒಂದು ದಿನದ ಕೂಲಿ ಬಿಟ್ಟು ಆ ದಿನವನ್ನು ಊರ ಸೆರೆಮನೆಗೆ ಕೊಟ್ಟಳು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಗಂಡಸರಿಗೂ ಹೆಂಗಸರಿಗೂ ಓದು ಬರಹ ಕಲಿಸಿದಳು, ಪ್ರಾರ್ಥನೆ ನಡೆಸಿದಳು, ಬಿಡುಗಡೆಯಾಗಿ ಹೋದವರು ಏನಾದರು ಎಂಬುದನ್ನು ಪುಸ್ತಕದಲ್ಲಿ ಬರೆದಿಟ್ಟಳು. 1841ರಲ್ಲಿ ಪುರಸಭೆಯವರು ವರ್ಷಕ್ಕೆ ಹನ್ನೆರಡು ಪೌಂಡು ಕೊಡುತ್ತೇವೆಂದಾಗ ಅವಳು ಬೇಡವೆಂದಳು: ಹಣ ಪಡೆದರೆ ಕೈದಿಗಳು ತನ್ನನ್ನು ಸಂಬಳದವಳೆಂದು ನೋಡುತ್ತಾರೆ ಎಂಬ ಅಳುಕು. ಒಳಗೆ ಬರಬೇಕಾದರೆ ನಮ್ಮ ಷರತ್ತು ಒಪ್ಪು ಎಂದರು ದೊಡ್ಡವರು. ಒಪ್ಪಿದಳು. 1843ರಲ್ಲಿ ತೀರಿಕೊಂಡಳು. ದುಡ್ಡಿಲ್ಲದವಳು ದುಡ್ಡು ಬೇಡವೆಂದದ್ದು, ಬಾಗಿಲು ತೆರೆದಿರಲೆಂದು ಆಮೇಲೆ ಒಪ್ಪಿದ್ದು, ಎರಡೂ ನನಗೆ ದೊಡ್ಡದಾಗಿಯೇ ಕಾಣುತ್ತವೆ.

ಈ ಸೇವೆಯ ಒಂದು ಗುರುತು ಇಂದಿಗೂ ಉಳಿದಿದೆ. ಆಸ್ಟ್ರೇಲಿಯಾಕ್ಕೆ ಗಡೀಪಾರಾಗುವ ಹೆಂಗಸರಿಗೆ ಎಲಿಜಬೆತ್‌ಳ ಸಂಘದವರು ಒಂದೊಂದು ಚೀಲ ಕೊಡುತ್ತಿದ್ದರು. ಸೂಜಿ, ದಾರ, ಬಟ್ಟೆಯ ಚೂರುಗಳು ಅದರಲ್ಲಿರುತ್ತಿದ್ದವು. 1841ರಲ್ಲಿ ರಾಜಾ ಎಂಬ ಹಡಗಿನಲ್ಲಿ ಹೋದ ಹೆಂಗಸರು ತಿಂಗಳುಗಟ್ಟಲೆಯ ಪಯಣದಲ್ಲಿ ಆ ಚೂರುಗಳನ್ನು ಜೋಡಿಸಿ ಒಂದು ಕೌದಿ ಹೊಲಿದರು. ನಮ್ಮ ಉತ್ತರ ಕರ್ನಾಟಕದ ಅಜ್ಜಿಯರು ಹಳೆ ಸೀರೆಯ ತುಂಡುಗಳಿಂದ ಹೊಲಿಯುವ ಕೌದಿಯ ಹಾಗೆಯೇ. ಅದರಲ್ಲಿ 2815 ತುಂಡುಗಳಿವೆ. ಬಟ್ಟೆ ಕೊಟ್ಟ ಹೆಂಗಸರಿಗೆ ಕೃತಜ್ಞತೆಯ ಮಾತನ್ನೂ ಅದರ ಮೇಲೆ ದಾರದಲ್ಲಿ ಬರೆದಿದ್ದಾರೆ. ಕಾಣೆಯಾಗಿದ್ದ ಅದು 1989ರಲ್ಲಿ ಮತ್ತೆ ಬೆಳಕಿಗೆ ಬಂದು, ಈಗ ಕ್ಯಾನ್‌ಬೆರಾದ ರಾಷ್ಟ್ರೀಯ ಕಲಾಶಾಲೆಯಲ್ಲಿದೆ.

ನಿಯಮಗಳೂ ಬೆಳೆದು ಬಂದವು. 1955ರಲ್ಲಿ ಜಿನೀವಾದಲ್ಲಿ ರೂಪುಗೊಂಡ ಕೈದಿಗಳ ಕುರಿತ ಕನಿಷ್ಠ ನಿಯಮಗಳಲ್ಲಿ ಒಂದು ಮಾತು ಸೇರಿತು: ಯಾವ ಕೈದಿಗೂ ಅವನ ಧರ್ಮದ ಪ್ರತಿನಿಧಿಯನ್ನು ಕಾಣುವ ಅವಕಾಶ ತಪ್ಪಿಸಬಾರದು, ಆದರೆ ಧರ್ಮದ ಪ್ರತಿನಿಧಿ ಬರುವುದು ಕೈದಿಗೆ ಬೇಡವಾದರೆ ಆ ಇಷ್ಟವನ್ನು ಪೂರ್ತಿ ಗೌರವಿಸಬೇಕು. 2015ರಲ್ಲಿ ವಿಶ್ವಸಂಸ್ಥೆ ಆ ನಿಯಮಗಳನ್ನು ಪರಿಷ್ಕರಿಸಿ ನೆಲ್ಸನ್ ಮಂಡೇಲಾ ಹೆಸರಿಟ್ಟಾಗಲೂ ಈ ಮಾತನ್ನು ಉಳಿಸಿಕೊಂಡಿತು. ಮಂಡೇಲಾ ಸೆರೆಯಲ್ಲಿ ಕಳೆದದ್ದು 27 ವರ್ಷ. ರಾಬೆನ್ ದ್ವೀಪದಲ್ಲಿ ಭಾನುವಾರ ಬರುತ್ತಿದ್ದ ಧರ್ಮಬೋಧಕರ ಬಗ್ಗೆ ಅವರು ತಮ್ಮ ಆತ್ಮಕಥೆಯಲ್ಲಿ ಹೇಳುವ ಒಂದು ಪ್ರಸಂಗ ಸೊಗಸಾಗಿದೆ. ಕೈದಿಗಳಿಗೆ ವೃತ್ತಪತ್ರಿಕೆ ನಿಷಿದ್ಧ. ಒಬ್ಬ ಕೈದಿ ತಾನು ಪ್ರಾರ್ಥನೆ ನಡೆಸುತ್ತೇನೆಂದು ಮುಂದೆ ಬಂದು ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿದ. ಬೋಧಕರೂ ಭಕ್ತಿಯಿಂದ ಕಣ್ಣು ಮುಚ್ಚಿದರು. ಆ ಹೊತ್ತಿನಲ್ಲಿ ಇನ್ನೊಬ್ಬ ಮೆಲ್ಲಗೆ ಹೋಗಿ ಅವರ ಚೀಲದಿಂದ ಪತ್ರಿಕೆ ತೆಗೆದುಕೊಂಡ! ಎಲಿಜಬೆತ್ ಹೇಳಿದ ಎಚ್ಚರ ಯಾಕೆಂದು ಇದನ್ನು ಓದಿದಾಗ ತಿಳಿಯಿತು. ಆದರೆ ಅಕ್ಷರಕ್ಕಾಗಿ ಹಸಿದ ಆ ಕಳ್ಳನ ಮೇಲೆ ಮೇಷ್ಟರಾದ ನನಗೆ ಸಿಟ್ಟು ಬರಲೊಲ್ಲದು.

ಎಲಿಜಬೆತ್ ಫ್ರೈ 1845ರಲ್ಲಿ ತೀರಿಕೊಂಡಳು. ಬದುಕಿದ್ದಾಗ ಮನೆ ಮಕ್ಕಳನ್ನು ಬಿಟ್ಟು ಊರು ಸುತ್ತುತ್ತಾಳೆಂಬ ಮಾತು ಕೇಳಿದ್ದಳು. 1828ರಲ್ಲಿ ಗಂಡನ ಬ್ಯಾಂಕು ದಿವಾಳಿಯಾದಾಗ ಅವಮಾನವನ್ನೂ ಕಂಡಿದ್ದಳು. ನ್ಯೂಗೇಟ್ ಸೆರೆಮನೆಯನ್ನು 1900ರ ದಶಕದ ಆರಂಭದಲ್ಲಿ ಕೆಡವಿದರು. 2002ರಿಂದ ಕೆಲವು ವರ್ಷ ಇಂಗ್ಲೆಂಡಿನ ಐದು ಪೌಂಡಿನ ನೋಟಿನ ಮೇಲೆ ಆಕೆಯ ಚಿತ್ರವಿತ್ತು. ಖೋಟಾ ನೋಟಿಗಾಗಿ ಹೆಂಗಸರನ್ನು ಗಲ್ಲಿಗೇರಿಸಿದ ದೇಶ, ಅವರ ಪರವಾಗಿ ಮೊರೆಯಿಟ್ಟವಳ ಮುಖವನ್ನೇ ನೋಟಿನ ಮೇಲೆ ಅಚ್ಚುಹಾಕಿತು. ಇತಿಹಾಸಕ್ಕೂ ಒಮ್ಮೊಮ್ಮೆ ಕಣ್ಣು ತೆರೆಯುತ್ತದೆ.

ನಮ್ಮ ದೇಶದ ಸೆರೆಮನೆಗಳಲ್ಲಿ ತಾಯಂದಿರ ಜೊತೆ ಆರು ವರ್ಷದೊಳಗಿನ ಮಕ್ಕಳು ಇರಬಹುದೆಂಬ ವಿಷಯ ನಿಮ್ಮಲ್ಲಿ ಹಲವರಿಗೆ ತಿಳಿದಿರಲಾರದು. ಆ ಮಕ್ಕಳ ಪಾಲನೆ, ಶಿಕ್ಷಣದ ಬಗ್ಗೆ 2006ರಲ್ಲಿ ಸುಪ್ರೀಂ ಕೋರ್ಟು ವಿವರವಾದ ಸೂಚನೆಗಳನ್ನು ಕೊಟ್ಟಿದೆ. ಭಜನೆಗೋ, ಧ್ಯಾನಕ್ಕೋ, ಅಕ್ಷರ ಕಲಿಸಲಿಕ್ಕೋ ಅಂಥ ಕಡೆ ಹೋಗುವ ಹೆಂಗಸರು ನಮ್ಮ ಊರುಗಳಲ್ಲೂ ಇದ್ದಾರೆ. ನಾಳೆ ನೀವೂ ಹೋಗಬಹುದು. ಹೋಗುವ ಮೊದಲು ಅಲ್ಲಿಯ ಅಧಿಕಾರಿಗಳು ಕೊಡುವ ನಿಯಮಗಳ ಹಾಳೆಯನ್ನು ಬೇಸರಪಡದೆ ಓದಿ. ಅದರ ಕೊನೆಗೆ ನಿಮ್ಮ ಕೈಯಿಂದಲೇ ಇನ್ನೊಂದು ಸಾಲು ಬರೆದುಕೊಳ್ಳಿ: ನಾನು ಹೇಳುವ ಮೊದಲು ಕೇಳುತ್ತೇನೆ, ಬೇಡವೆಂದರೆ ಮುನಿಯದೆ ಸುಮ್ಮನೆ ಕೂಡುತ್ತೇನೆ.